ಹನ್ನೊಂದು ಕಾಫಿ, ಹನ್ನೆರಡು ಸೈಕಲ್

ಈ ತಿಂಗಳು ಬಂದ ಪತ್ರಗಳಲ್ಲಿ ನಾಲ್ಕು ಒಂದೇ ವಿಷಯದ ಮೇಲೆ ಇದ್ವು, ಹೆಣ್ಮಕ್ಕಳು ಮತ್ತೆ ಸೈಕಲ್. ಬೇರೆ ಬೇರೆ ಊರು, ಬೇರೆ ಬೇರೆ ವಯಸ್ಸು, ಆದ್ರೆ ಓದ್ತಾ ಹೋದ ಹಾಗೆ ಒಬ್ರಿಗೆ ಬರೆದ ಉತ್ತರ ಇನ್ನೊಬ್ರಿಗೂ ಬೇಕಾಗುತ್ತೆ ಅನ್ನಿಸ್ತು, ಅದಕ್ಕೆ ಈ ಸಲ ಅಂಕಣ ಪೂರ್ತಿ ಇದಕ್ಕೇ ಇಟ್ಟಿದೀನಿ. ಉಳಿದೋರ ಪತ್ರ ಮುಂದಿನ ತಿಂಗಳು, ಬೇಜಾರು ಮಾಡ್ಕೋಬೇಡಿ.

ಪ್ರಶ್ನೆ: ಅಕ್ಕ, ನನಗೆ 31 ವರ್ಷ, ಮೈಸೂರಲ್ಲಿ ಬ್ಯಾಂಕ್ ಕೆಲಸ, 5 ವರ್ಷದ ಮಗ ಇದಾನೆ. ತವರು ಕೆ.ಆರ್. ನಗರದ ಹತ್ರ ಒಂದು ಹಳ್ಳಿ, ಹೈಸ್ಕೂಲಿಗೆ ಸರ್ಕಾರ ಕೊಟ್ಟ ಸೈಕಲ್ಲಲ್ಲೇ ಹೋಗ್ತಿದ್ದೆ, ನಾವು ಏಳು ಜನ ಹುಡುಗೀರು ಒಟ್ಟಿಗೆ ಹೋಗಿ ಒಟ್ಟಿಗೆ ಬರ್ತಿದ್ವಿ. ಆಮೇಲೆ ಪಿಯುಸಿ, ಡಿಗ್ರಿ, ಮದುವೆ ಅಂತ ಬಿಟ್ಟೇ ಹೋಯ್ತು. ಹೋದ ವರ್ಷ ಗೇರ್ ಇರೋ ಹೈಬ್ರಿಡ್ ಸೈಕಲ್ ತಗೊಂಡು ಇಲ್ಲಿನ ಒಂದು ಗ್ರೂಪ್ ಸೇರ್ಕೊಂಡೆ. ವಾಟ್ಸಾಪಲ್ಲಿ ನೂರಕ್ಕೂ ಜಾಸ್ತಿ ಜನ, ಭಾನುವಾರ ರೈಡಿಗೆ ಬರೋದು ಹದಿನೈದು ಇಪ್ಪತ್ತು, ಅದ್ರಲ್ಲಿ ಹೆಂಗಸು ನಾನೊಬ್ಳೇ, ಒಂದೊಂದು ಸಲ ಇನ್ನೊಬ್ರು ಬರ್ತಾರೆ. ಯಾರೂ ಕೆಟ್ಟದಾಗಿ ನಡ್ಕೊಂಡಿಲ್ಲ ಅಕ್ಕ, ಅದಕ್ಕೇ ಯಾರ ಹತ್ರ ಹೇಳ್ಕೊಳ್ಳೋಕೂ ಗೊತ್ತಾಗ್ತಿಲ್ಲ. ಅವರವರು ಗುರು, ಮಗಾ ಅಂತ ಮಾತಾಡ್ಕೋತಾರೆ, ನನ್ನ ಕಡೆ ತಿರುಗಿದ ತಕ್ಷಣ ‘ಮೇಡಂ’ ಆಗುತ್ತೆ, ಮಾತು ನಿಲ್ಲುತ್ತೆ. ರಿಂಗ್ ರೋಡ್ ದಾಟಿದ ಮೇಲೆ ಎಲ್ರೂ ಸ್ಪೀಡ್ ಎತ್ತುತಾರೆ, ನಾನು ಒಬ್ಳೇ ಹಿಂದೆ. ಸೀಟ್ ನೋವು ತಡ್ಕೊಳ್ಳಕ್ಕಾಗಲ್ಲ, ಅದನ್ನ ಆ ಗ್ರೂಪಲ್ಲಿ ಯಾರನ್ನ ಕೇಳ್ಲಿ? ಮನೇಲಿ ಅತ್ತೆ, ಭಾನುವಾರ ಬೆಳಿಗ್ಗೆ ಎಲ್ಲಿಗೆ ಹೋಗೋದು, ತಿಂಡಿ ಹೊತ್ತಿಗಾದ್ರೂ ಬಾ ಅಂತಾರೆ. ಒಂದೊಂದು ಸಲ ಸೈಕಲ್ ಮಾರ್ಬಿಡೋಣ ಅನ್ಸುತ್ತೆ. ನಾನು ಜಾಸ್ತಿ ಯೋಚನೆ ಮಾಡ್ತಿದೀನಾ? - ಹೆಸರು ಬೇಡ, ಮೈಸೂರು

ಉತ್ತರ: ಇಲ್ಲ, ಜಾಸ್ತಿ ಯೋಚನೆ ಮಾಡ್ತಿಲ್ಲ. ಸೈಕಲ್ ಮಾರಬೇಡಿ, ಮಿಕ್ಕಿದ್ದು ನಿಧಾನವಾಗಿ ಮಾತಾಡೋಣ.

ಮೊದಲು ನನ್ನದೊಂದು ಹೇಳ್ತೀನಿ. 2012ರಲ್ಲಿ ನಾನು ಒಂದು ಗ್ರೂಪ್ ಜೊತೆ ಮೈಸೂರಿಂದ ಶ್ರೀರಂಗಪಟ್ಟಣದ ಕಡೆ ರೈಡ್ ಹೋಗಿದ್ದೆ, ಹನ್ನೆರಡು ಸೈಕಲ್ ಹೊರಟಿದ್ವು, ಊರಿಗೆ ಇನ್ನು ಮೂರ್ನಾಲ್ಕು ಕಿಲೋಮೀಟರ್ ಇದೆ ಅನ್ನೋವಾಗ ನನ್ನ ಹಿಂದಿನ ಟೈರ್ ಪಂಕ್ಚರ್ ಆಯ್ತು. ಆವಾಗ ನನಗೆ ಟ್ಯೂಬ್ ಬದಲಾಯಿಸೋಕೆ ಬರ್ತಿರಲಿಲ್ಲ, ಮುಂದೆ ಹೋದೋರಿಗೆ ಫೋನ್ ಮಾಡಿದ್ರೆ ಯಾರೂ ಎತ್ತಲಿಲ್ಲ, ಬೆಳಿಗ್ಗೆ ಆರೂ ಮುಕ್ಕಾಲಿಗೆ ಪಂಕ್ಚರ್ ಅಂಗಡಿ ಯಾವುದೂ ತೆಗೆದಿರಲಿಲ್ಲ, ಸರಿ ಅಂತ ಸೈಕಲ್ ತಳ್ಕೊಂಡೇ ನಡೆದೆ. ಹೋಟೆಲ್ ಮುಟ್ಟೋ ಹೊತ್ತಿಗೆ ಅವರ ತಿಂಡಿ ಮುಗಿದಿತ್ತು, ಸಪ್ಲೈಯರ್ ತಟ್ಟೇಲಿ ಹನ್ನೊಂದು ಲೋಟ ಕಾಫಿ ತಂದಿಡ್ತಿದ್ದ. ಒಬ್ರು ನನ್ನ ನೋಡಿ ‘ಅಯ್ಯೋ ಮೇಡಂ, ನೀವು ಬಂದಿದ್ರಾ? ವಾಪಸ್ ಹೋದ್ರೇನೋ ಅಂದ್ಕೊಂಡ್ವಿ’ ಅಂದ್ರು. ಪಾಪ, ಒಳ್ಳೆ ಮನುಷ್ಯ, ತಕ್ಷಣ ಎದ್ದು ಜಾಗ ಬಿಟ್ರು, ನನ್ನ ಟೈರ್ ಕೂಡ ಅವರೇ ರಿಪೇರಿ ಮಾಡಿದ್ರು. ಆದ್ರೆ ಆ ಹನ್ನೊಂದು ಲೋಟ ನನ್ನ ಕಣ್ಣಿಂದ ಇವತ್ತಿಗೂ ಹೋಗಿಲ್ಲ. ಯಾರೂ ನನ್ನ ಬೇಡ ಅಂದಿರಲಿಲ್ಲ, ಎಣಿಸಿರಲಿಲ್ಲ, ಅಷ್ಟೇ. ನಿಮ್ಮ ಪತ್ರದಲ್ಲಿ ನನಗೆ ಕಾಣಿಸ್ತಿರೋದೂ ಅದೇ.

ಇದು ನಮ್ಮಿಬ್ಬರಿಗೇ ಆಗಿದ್ದಲ್ಲ. ಇಟಲಿಯಲ್ಲಿ ಅಲ್ಫೋನ್ಸಿನಾ ಸ್ಟ್ರಾಡಾ ಅಂತ ಒಬ್ಬ ಹೆಣ್ಮಗಳು 1924ರಲ್ಲಿ ಗಂಡಸರ ದೊಡ್ಡ ರೇಸು ಜಿರೋ ಡಿ ಇಟಾಲಿಯಾಗೆ ಇಳಿದಿದ್ಲು. ಪಟ್ಟಿಯಲ್ಲಿ ಅವಳ ಹೆಸರು ಅಲ್ಫೋನ್ಸಿನ್ ಅಂತ ಅಚ್ಚಾಗಿತ್ತು, ಹಾಗಾಗಿ ಗಂಡೋ ಹೆಣ್ಣೋ ಜನಕ್ಕೆ ಗೊತ್ತಾಗ್ತಿರಲಿಲ್ಲ. ದಾರೀಲಿ ಮಳೆ ಗಾಳಿ, ಬಿದ್ದು ಹ್ಯಾಂಡಲ್ ಮುರೀತು, ಪೊರಕೆ ಕೋಲು ಸಿಗಿಸ್ಕೊಂಡು ಮುಂದೆ ಹೋದ್ಲು ಅಂತ ಕಥೆ ಇದೆ. ಆ ದಿನ ಟೈಮ್ ಮೀರಿದ್ದಕ್ಕೆ ರೇಸಿಂದ ಹೊರಗೆ ಹಾಕಿದ್ರು, ಆದ್ರೂ ಜನ ಅವಳನ್ನ ನೋಡೋಕೇ ಬರ್ತಿದ್ರಲ್ಲ, ಅದಕ್ಕೆ ಜೊತೇಲಿ ತುಳ್ಕೊಂಡು ಬರೋಕೆ ಬಿಟ್ರು. ಹೊರಟೋರು 90 ಜನ, ಮುಗಿಸಿದೋರು 30 ಅಂತ ದಾಖಲೆ. ಅವಳೂ ರೇಸ್ ಮುಗಿಯೋ ಊರು ಮಿಲಾನ್ ಮುಟ್ಟಿದ್ಲು, ಆದ್ರೆ ಆ 30ರಲ್ಲಿ ಅವಳಿಲ್ಲ. ಒಲಿಂಪಿಕ್ಸಲ್ಲಿ ಗಂಡಸರ ಸೈಕ್ಲಿಂಗ್ 1896ರಲ್ಲೇ ಇತ್ತು, ಹೆಂಗಸರಿಗೆ ಬಂದಿದ್ದು 1984ರಲ್ಲಿ, ಲಾಸ್ ಏಂಜಲೀಸಲ್ಲಿ, ಅಂದ್ರೆ 88 ವರ್ಷ ಆದ್ಮೇಲೆ. ಟೂರ್ ಡಿ ಫ್ರಾನ್ಸ್ ಹೆಸರಲ್ಲಿ ಹೆಂಗಸರಿಗೂ ಹಲವು ದಿನದ ರೇಸು ಎಂಬತ್ತರ ದಶಕದಲ್ಲಿ ಶುರುವಾಗಿ ನಿಂತು ಹೋಗಿ, ಈಗಿನ ರೂಪದಲ್ಲಿ ವಾಪಸ್ ಬಂದಿದ್ದು 2022ರಲ್ಲಿ. ಇಷ್ಟು ವರ್ಷ ಮೇಲಿನವರೇ ಲೆಕ್ಕ ತಪ್ಪಿಸಿದ ಆಟದಲ್ಲಿ ಮೈಸೂರಿನ ಒಂದು ಭಾನುವಾರದ ಗ್ರೂಪ್ ಲೆಕ್ಕ ತಪ್ಪಿದ್ರೆ ಆಶ್ಚರ್ಯ ಇಲ್ಲ, ಆದ್ರೆ ಅದು ನಿಮ್ಮ ಕಾಲಿನ ಶಕ್ತಿ ವಿಷಯ ಅಂತ ಮಾತ್ರ ದಯವಿಟ್ಟು ತಿಳ್ಕೋಬೇಡಿ.

ನಿಮ್ಮ ಪತ್ರದಲ್ಲಿ ನಾನು ಎರಡೆರಡು ಸಲ ಓದಿದ್ದು ಆ ಏಳು ಹುಡುಗೀರ ಸಾಲು. ನಮ್ಮಲ್ಲಿ 8ನೇ ಕ್ಲಾಸ್ ಮಕ್ಕಳಿಗೆ ಸರ್ಕಾರ ಸೈಕಲ್ ಕೊಡೋಕೆ ಶುರು ಮಾಡಿದ್ದು 2006-07ರಲ್ಲಿ, ನೀವು ಮೊದಮೊದಲ ಬ್ಯಾಚಿನೋರೇ ಇರ್ಬೇಕು. ಆ ಸೈಕಲ್ಲಿಗೆ ಗೇರ್ ಇರಲಿಲ್ಲ, ತೂಕ ಜಾಸ್ತಿ, ಚೈನ್ ಬೀಳ್ತಿತ್ತು, ಆದ್ರೆ ಯಾರದಾದ್ರೂ ಚೈನ್ ಬಿದ್ರೆ ಉಳಿದ ಆರು ಜನ ನಿಲ್ತಿದ್ರಿ ಅಲ್ವಾ? ನಿಲ್ಲದೇ ಹೋದ್ರೆ ಮಾರನೇ ದಿನ ಮಾತು ಬಿಡ್ತಿದ್ರಿ. ಅಂದ್ರೆ ಸೈಕ್ಲಿಂಗ್ ಗ್ರೂಪ್ ಅಂದ್ರೆ ಏನು ಅನ್ನೋದು ನಿಮಗೆ ಹದಿಮೂರನೇ ವಯಸ್ಸಿಗೇ ಗೊತ್ತಿತ್ತು, ಈಗಿನ ಗ್ರೂಪ್ ಅದಕ್ಕೆ ಸರಿಹೊಂದ್ತಿಲ್ಲ ಅಂತ ಮನಸ್ಸು ಹೇಳ್ತಿದೆ. ನಿಮ್ಮ ಮನಸ್ಸು ಸರಿಯಾಗೇ ಹೇಳ್ತಿದೆ. ಆ ಏಳು ಜನ ಈಗ ಎಲ್ಲಿದಾರೆ ಅಂತ ಒಂದ್ಸಲ ವಿಚಾರಿಸಿ ನೋಡಿ, ಒಬ್ರಾದ್ರೂ ಮೈಸೂರಲ್ಲಿ ಇದ್ರೆ ನಿಮ್ಮ ಅರ್ಧ ಕೆಲಸ ಆದ ಹಾಗೆ.

ಈಗ ಮಾಡೋ ಕೆಲಸದ ವಿಷಯ. ಆ ಗ್ರೂಪಿನ ಅಡ್ಮಿನ್ ಯಾರಿದಾರೋ ಅವರಿಗೆ ಒಂದು ಫೋನ್ ಮಾಡಿ, ಮೆಸೇಜ್ ಬೇಡ, ಫೋನೇ ಮಾಡಿ. ದೂರೋದು ಬೇಡ, ಎರಡೇ ಪ್ರಶ್ನೆ ಕೇಳಿ: ಈ ಭಾನುವಾರ ಎಲ್ಲರಿಗಿಂತ ಹಿಂದೆ ಯಾರು ಇರ್ತಾರೆ? ಮಧ್ಯದಲ್ಲಿ ಎಲ್ಲೆಲ್ಲಿ ನಿಂತು ಜನ ಎಣಿಸ್ತೀರಿ? ಸರಿಯಾಗಿ ನಡೆಯೋ ಗ್ರೂಪಲ್ಲಿ ಕೊನೆಯವರ ಜೊತೆ ಬರೋಕೇ ಒಬ್ರು ಇರ್ತಾರೆ, ಅವರಿಗೆ ಸ್ವೀಪ್ ಅಂತಾರೆ. ಯಾರನ್ನೂ ಬಿಟ್ಟು ಹೋಗದ ರೈಡಿಗೆ ನೋ-ಡ್ರಾಪ್ ಅಂತ ಮೊದಲೇ ಹಾಕಿರ್ತಾರೆ. ಈ ಎರಡು ಪ್ರಶ್ನೆಗೆ ಅಡ್ಮಿನ್ ‘ಓ ಹೌದಲ್ಲಾ, ಯೋಚನೆ ಮಾಡಿರಲಿಲ್ಲ’ ಅಂದ್ರೆ ಆ ಗ್ರೂಪಲ್ಲಿ ಇನ್ನೂ ನಾಲ್ಕು ಭಾನುವಾರ ಇರಿ, ಬದಲಾಗ್ತಾರೆ. ‘ಮೇಡಂ, ಸ್ವಲ್ಪ ಪ್ರಾಕ್ಟೀಸ್ ಮಾಡಿ, ಆಮೇಲೆ ನೀವೂ ನಮ್ಮ ಜೊತೆ ಬರಬಹುದು’ ಅಂದ್ರೆ ಅದು ಸ್ಪೀಡಾಗಿ ಹೋಗೋರ ಗ್ರೂಪು, ಅದೂ ತಪ್ಪೇನಲ್ಲ, ಆದ್ರೆ ಅಲ್ಲಿ ನಿಮಗೆ ಬೇಕಾಗಿರೋದು ಸಿಗಲ್ಲ, ವಾಟ್ಸಾಪಲ್ಲಿ ಇರಿ, ರೂಟ್ ಮಾಹಿತಿ ತಗೊಳ್ಳಿ, ಭಾನುವಾರಕ್ಕೆ ಬೇರೆ ದಾರಿ ನೋಡಿ.

ಆ ಬೇರೆ ದಾರಿ ನಾವು ಹೇಗೆ ಮಾಡ್ಕೊಂಡ್ವಿ ಅಂದ್ರೆ, ಕಾಫಿ ಘಟನೆ ಆಗಿ ಒಂದೆರಡು ತಿಂಗಳಿಗೆ ನಮ್ಮ ಬೀದಿಯ ಒಬ್ಬ ನರ್ಸು, ಅವರು ನೈಟ್ ಡ್ಯೂಟಿ ಮುಗಿಸಿ ಸೈಕಲ್ಲಲ್ಲೇ ಮನೆಗೆ ಬರ್ತಿದ್ರು, ಅವರನ್ನ ಹಿಡ್ಕೊಂಡೆ. ನಾವಿಬ್ರೇ ಮಂಗಳವಾರ ಬೆಳಿಗ್ಗೆ 5:45ಕ್ಕೆ ಒಂದು ಹಾಲಿನ ಬೂತ್ ಹತ್ರ ಸೇರೋದು, ಲಿಂಗಾಂಬುಧಿ ಕೆರೆ ಕಡೆ ಹೋಗಿ ಏಳೂ ಕಾಲಿಗೆ ಮನೆ. ಮೂರು ತಿಂಗಳು ಇಬ್ರೇ. ಒಬ್ರು ಬರದಿದ್ರೆ ಇನ್ನೊಬ್ರು ಹೋಗಿ ಐದು ನಿಮಿಷ ನಿಂತು ಬರೋದು ಅಂತ ಮಾತಾಗಿತ್ತು, ಆ ಐದು ನಿಮಿಷ ನಿಲ್ಲೋದನ್ನ ನೋಡೇ ಬೂತಿಗೆ ಹಾಲಿಗೆ ಬರ್ತಿದ್ದ ಒಬ್ಬ ಟೈಲರ್ ಅಕ್ಕ ಕೇಳಿದ್ರು, ವಾರವಾರ ಇಲ್ಲಿ ಯಾರಿಗೆ ಕಾಯ್ತೀರಿ ಅಂತ. ಅವರು ಮೂರನೇಯವರಾದ್ರು, ಹಳೇ ಲೇಡಿಬರ್ಡ್ ಸೈಕಲ್ಲಲ್ಲಿ. ಆಮೇಲೆ ಅವರ ಅಂಗಡಿಗೆ ಬ್ಲೌಸ್ ಹೊಲಿಸೋಕೆ ಬರೋರಿಗೆಲ್ಲ ಅವರೇ ಹೇಳಿ ಹೇಳಿ ಈಗ ಹದಿನಾಲ್ಕು ಜನ ಇದೀವಿ. ಗ್ರೂಪಿಗೆ ಹೆಸರಿಲ್ಲ, ಜರ್ಸಿ ಇಲ್ಲ. ಹೊರಡೋವಾಗ ಎಣಿಸ್ತೀವಿ, ತಿರುಗೋ ಕಡೆ ಎಣಿಸ್ತೀವಿ, ಬೂತಿಗೆ ಬಂದು ಎಣಿಸ್ತೀವಿ. ವಾರದ ದಿನ ಬೆಳಿಗ್ಗೆ ಯಾಕೆ ಅಂದ್ರೆ, ನೋಡಿ, ಭಾನುವಾರ ಐದಕ್ಕೆ ಹೊರಟು ಹತ್ತೂವರೆಗೆ ಬರೋ ರೈಡ್ ಅನ್ನೋದು ಮನೇಲಿ ಬೇರೆ ಯಾರೋ ತಿಂಡಿ ಮಾಡ್ತಾರೆ ಅನ್ನೋರಿಗೆ ಹೊಂದೋ ಟೈಮು. ನಿಮ್ಮ ಅತ್ತೆ ತಪ್ಪು ಅಂತ ನಾನು ಹೇಳಲ್ಲ, ಅವರಿಗೂ ಭಾನುವಾರ ಒಂದೇ ಇರೋದು. ಮಂಗಳವಾರವೋ ಗುರುವಾರವೋ ಒಂದೂವರೆ ಗಂಟೆ ಕೇಳಿ ನೋಡಿ, ಆ ಒಂದೂವರೆ ಗಂಟೆ ಮಗನ ಜವಾಬ್ದಾರಿ ಗಂಡನದು ಅಂತ ಮನೇಲಿ ಎಲ್ರ ಮುಂದೆ ಮಾತಾಡ್ಕೊಂಡು ಬಿಡಿ, ಕೇಳಿ ಪಡ್ಕೊಳ್ಳೋ ಉಪಕಾರ ಅಲ್ಲ ಅದು.

ಸೀಟ್ ನೋವಿನ ಬಗ್ಗೆ. ಇದನ್ನ ಕೇಳೋಕೆ ಜಾಗ ಇಲ್ಲದೇ ಎಷ್ಟು ಜನ ಸೈಕಲ್ ಬಿಟ್ಟಿದಾರೋ, ನಾಚಿಕೆ ಬಿಟ್ಟು ಬರೆದಿದ್ದಕ್ಕೆ ಥ್ಯಾಂಕ್ಸ್. ಕೂತಾಗ ನಮ್ಮ ತೂಕ ಬೀಳೋದು ಹಿಂದಿನ ಎರಡು ಮೂಳೆ ಮೇಲೆ, ಹೆಂಗಸರಿಗೆ ಸಾಮಾನ್ಯವಾಗಿ ಆ ಎರಡು ಮೂಳೆ ಮಧ್ಯದ ಅಂತರ ಸ್ವಲ್ಪ ಜಾಸ್ತಿ, ಸೈಕಲ್ ಜೊತೆ ಬರೋ ಸೀಟ್ ಕಿರಿದಾಗಿದ್ರೆ ತೂಕ ಮೂಳೆ ಮೇಲೆ ಬೀಳದೆ ಮುಂದಿನ ಮೃದುವಾದ ಭಾಗದ ಮೇಲೆ ಬೀಳುತ್ತೆ, ಅದೇ ಉರಿ, ಅದೇ ಜೋಮು. ದಪ್ಪ ಜೆಲ್ ಕವರ್ ಹಾಕಿದ್ರೆ ಸರಿಹೋಗುತ್ತೆ ಅಂತ ಅಂಗಡೀಲಿ ಹೇಳ್ತಾರೆ, ದೂರ ಹೋಗೋರಿಗೆ ಅದರಿಂದ ಒಂದೊಂದು ಸಲ ನೋವು ಜಾಸ್ತಿನೇ ಆಗುತ್ತೆ, ಯಾಕಂದ್ರೆ ಮೂಳೆ ಒಳಗೆ ಹೂತು ಹೋಗಿ ಪಕ್ಕದ್ದೆಲ್ಲ ಒತ್ತುತ್ತೆ. ನಿಮ್ಮ ಅಳತೆಗೆ ಸರಿಯಾದ ಅಗಲದ, ಮಧ್ಯ ಸೀಳು ಇರೋ ಸೀಟ್ ಹುಡುಕಿ, ಮೂತಿ ಒಂಚೂರು ಕೆಳಗೆ ಬಾಗಿಸಿ. ಎತ್ತರ ನೋಡೋಕೆ ಸುಲಭ ಉಪಾಯ, ಪೆಡಲ್ ಪೂರ್ತಿ ಕೆಳಗಿದ್ದಾಗ ಹಿಮ್ಮಡಿ ಇಟ್ರೆ ಕಾಲು ನೇರ ಆಗ್ಬೇಕು. ಪ್ಯಾಡ್ ಇರೋ ಶಾರ್ಟ್ಸ್ ತಗೊಳ್ಳಿ, ಅದನ್ನ ಒಳಉಡುಪು ಇಲ್ಲದೇ ಹಾಕ್ಬೇಕು, ಇದನ್ನ ಯಾರೂ ಹೇಳಿಕೊಡಲ್ಲ, ನಾನೇ ಒಂದು ವರ್ಷ ತಪ್ಪಾಗಿ ಹಾಕ್ಕೊಂಡು ಹೊಲಿಗೆ ಉಜ್ಜಿ ಗಾಯ ಮಾಡ್ಕೊಂಡಿದ್ದೆ. ಮೇಲೆ ಸಡಿಲ ಪ್ಯಾಂಟೋ ಕುರ್ತಾನೋ ಹಾಕ್ಕೊಳ್ಳಿ, ನಿಮ್ಮಿಷ್ಟ. ಮನೆಗೆ ಬಂದ ತಕ್ಷಣ ಬದಲಾಯಿಸಿ, ಬೆವರಲ್ಲಿ ಕೂರಬೇಡಿ. ಇಷ್ಟಾದ್ರೂ ಉರಿ, ಊತ ಹೋಗದಿದ್ರೆ ಡಾಕ್ಟರ್ ಹತ್ರ ಹೋಗಿ.

ಟ್ಯೂಬ್ ಬದಲಾಯಿಸೋದು ಕಲೀರಿ, ಮನೆ ವರಾಂಡದಲ್ಲಿ ಮೂರು ಸಲ ಮಾಡಿದ್ರೆ ಕೈಗೆ ಬಂದುಬಿಡುತ್ತೆ. ಒಂದು ಸ್ಪೇರ್ ಟ್ಯೂಬು, ಟೈರ್ ಕಳಚೋಕೆ ಎರಡು ಲಿವರು, ಸಣ್ಣ ಪಂಪು ಸೀಟಿನ ಕೆಳಗಿನ ಬ್ಯಾಗಲ್ಲಿ ಇಟ್ಕೊಳ್ಳಿ. ರೈಡ್ ದಾಖಲಿಸೋ ಸ್ಟ್ರಾವಾ ಆ್ಯಪ್ ಹಾಕ್ತಿದ್ರೆ ಸೆಟ್ಟಿಂಗ್ಸಲ್ಲಿ ಮನೆ ಹತ್ರ ಶುರುವಾಗೋ ಮುಗಿಯೋ ಜಾಗ ಮರೆ ಮಾಡೋ ಆಯ್ಕೆ ಇದೆ, ಇವತ್ತೇ ಆನ್ ಮಾಡಿ.

ಇನ್ನೊಂದು ಮಾತು, ಮುಂದಿನ ವರ್ಷಕ್ಕೆ. ಬ್ರೆವೆ ಅಂತ ಒಂದು ಥರದ ದೂರದ ರೈಡ್ ಇದೆ, ಕರ್ನಾಟಕದಲ್ಲೂ ನಡೆಯುತ್ತೆ. 200 ಕಿಲೋಮೀಟರನ್ನ ಹದಿಮೂರೂವರೆ ಗಂಟೇಲಿ ಮುಗಿಸ್ಬೇಕು, ಗಂಡಸರಿಗೂ ಹೆಂಗಸರಿಗೂ ಒಂದೇ ಟೈಮು. ಅದು ರೇಸ್ ಅಲ್ಲ, ಫಸ್ಟು ಸೆಕೆಂಡು ಅಂತ ಇಲ್ಲ, ಎಂಟು ಗಂಟೇಲಿ ಮುಗಿಸಿದೋರೂ ಹದಿಮೂರು ಗಂಟೇಲಿ ಮುಗಿಸಿದೋರೂ ಲಿಸ್ಟಲ್ಲಿ ಒಂದೇ. ನಿಂತು ಊಟ ತಿಂಡಿ ಮಾಡೋದೆಲ್ಲ ಸೇರಿಸಿ ಗಂಟೆಗೆ 15 ಕಿಲೋಮೀಟರ್ ಲೆಕ್ಕ ಬಿದ್ರೆ ಸಾಕು. ನಾನು ಮೊದಲ 200 ಮುಗಿಸಿದಾಗ ಕೊನೆಯಿಂದ ಮೂರನೇಯವಳು, ಇನ್ನು ಇಪ್ಪತ್ತು ನಿಮಿಷ ಬಾಕಿ ಇತ್ತು, ಕಾರ್ಡಿಗೆ ಸೀಲ್ ಹೊಡೆಯೋಕೆ ಕೂತಿದ್ದ ಹುಡುಗ ನನ್ನ ನಂಬರ್ ಕೇಳದೇನೇ ಹೇಳಿದ, ನಿಮ್ಮ ಹಿಂದೆ ಇನ್ನಿಬ್ರಿದಾರೆ ಅಕ್ಕ, ಬರ್ತಾರೆ ಅಂತ. ಅವನಿಗೆ ಲೆಕ್ಕ ಗೊತ್ತಿತ್ತು.

ಪ್ರಶ್ನೆ: ನಾನು ಶಿವಮೊಗ್ಗದಲ್ಲಿ ಗೆಳೆಯರ ಜೊತೆ ಸೈಕಲ್ ಗ್ರೂಪ್ ನಡೆಸ್ತೀನಿ. ಮಹಿಳಾ ದಿನಕ್ಕೆ ಒಂದು ರೈಡ್ ಇಟ್ವಿ, ಟೀ ಶರ್ಟ್ ಕೊಟ್ವಿ, 60 ಜನ ಹೆಣ್ಮಕ್ಕಳು ಬಂದ್ರು. ಮುಂದಿನ ಭಾನುವಾರ ಒಬ್ರೂ ಇಲ್ಲ. ನಾವು ಎಲ್ಲಿ ತಪ್ಪಿದ್ವಿ? - ಒಬ್ಬ ಓದುಗ

ಉತ್ತರ: ಕೇಳಿದ್ದಕ್ಕೆ ನನಗೆ ನಿಜವಾಗ್ಲೂ ಖುಷಿ ಆಯ್ತು ಸರ್, ಹೆಚ್ಚಿನೋರು ‘ಅವರಿಗೆ ಇಂಟರೆಸ್ಟ್ ಇಲ್ಲ’ ಅಂತ ಅಲ್ಲಿಗೇ ಬಿಡ್ತಾರೆ. 60 ಜನ ಬಂದ್ರು ಅಂದ್ರೆ ಊರಲ್ಲಿ ಆಸೆ ಇರೋರು 60 ಜನ ಇದಾರೆ ಅಂತಾಯ್ತು. ಮಾರ್ಚ್ 8ಕ್ಕೆ ದೂರ ಎಷ್ಟು, ಎಷ್ಟು ಹೊತ್ತು, ಎಲ್ಲಿ ನಿಲ್ತೀವಿ ಅಂತ ನೀವು ಮೊದಲೇ ಪೋಸ್ಟರಲ್ಲಿ ಹಾಕಿರ್ತೀರಿ, ಅವತ್ತು ಪಕ್ಕದಲ್ಲಿ ಇನ್ನೊಬ್ಳು ಹೆಂಗಸು ಇರ್ತಾಳೆ ಅನ್ನೋ ಧೈರ್ಯ ಇರುತ್ತೆ. ಮಾಮೂಲಿ ಭಾನುವಾರ ‘5:30 ಬಸ್ ಸ್ಟ್ಯಾಂಡ್ ಹತ್ರ’ ಅಂತ ಒಂದು ಸಾಲು ಹಾಕಿದ್ರೆ ಎಷ್ಟು ಸ್ಪೀಡು, ಟಾಯ್ಲೆಟ್ ಎಲ್ಲಿ, ಎಷ್ಟು ಗಂಟೆಗೆ ಮನೆ ಅಂತ ಗೊತ್ತಾಗದೆ ಯಾರು ಬರ್ತಾರೆ ಹೇಳಿ. ಅದನ್ನೆಲ್ಲ ಬರೀರಿ. ಪ್ರತಿ ಒಂದೂವರೆ ಗಂಟೆಗೆ ಒಂದು ಕ್ಲೀನ್ ಟಾಯ್ಲೆಟ್ ಇರೋ ಬಂಕೋ ಹೋಟೆಲ್ಲೋ ಮೊದಲೇ ಹೋಗಿ ನೋಡ್ಕೊಂಡು ಬನ್ನಿ, ಗಂಡಸರು ಮರದ ಹಿಂದೆ ಹೋಗಿ ಬರ್ತೀರಿ, ನಾವು ನೀರು ಕುಡಿಯೋದನ್ನೇ ಬಿಟ್ಟು ತಲೆ ಸುತ್ತು ಬರಿಸ್ಕೋತೀವಿ.

ಮತ್ತೆ ಎರಡು ವಿಷಯ ಸ್ವಲ್ಪ ಕಟ್ಟುನಿಟ್ಟಾಗಿ ಹೇಳ್ತೀನಿ. ಕೇಳದೆ ಫೋಟೋ ತೆಗೆದು ಹಾಕೋದು ಬೇಡ, ಕೆಲವರು ಮನೇಲಿ ಹೇಳಿ ಬಂದಿರ್ತಾರೆ, ಕೆಲವರು ಇನ್ನೂ ಹೇಳಿರಲ್ಲ, ಒಂದು ಫೋಟೋ ಇಂದ ರೈಡೇ ನಿಂತು ಹೋಗಿದ್ದು ನಾನು ನೋಡಿದೀನಿ. ಕೇಳದೆ ಪಾಠನೂ ಬೇಡ. ಗೇರ್ ಹಾಗೆ ಹಾಕಿ, ಸೀಟ್ ಹೀಗೆ ಇಡಿ ಅಂತ ಒಬ್ಳಿಗೆ ಐದು ಜನ ಹೇಳಿದ್ರೆ ಆರನೇ ಸಲ ಅವಳು ಬರಲ್ಲ. ಆ 60 ಜನರಲ್ಲಿ ಇಬ್ರಿಗೆ ಫೋನ್ ಮಾಡಿ, ರೂಟ್ ನೀವೇ ಹೇಳಿ, ಟೈಮ್ ನೀವೇ ಹೇಳಿ, ನಾವು ಸ್ವೀಪ್ ಇರ್ತೀವಿ ಅನ್ನಿ. ಗ್ರೂಪ್ ಅಡ್ಮಿನ್ ಕೂಡ ಮಾಡಿ ಅವರನ್ನ.

ಪ್ರಶ್ನೆ: ನಮ್ಮದು ಜಮಖಂಡಿ ಹತ್ರ ಹಳ್ಳಿ ರೀ. ಮಗಳಿಗೆ 13 ವರ್ಷ, ಸಾಲಿ ಸೈಕಲ್ ರೇಸಿನ್ಯಾಗ ಫಸ್ಟ್ ಬಂದಾಳ, ಪಿಟಿ ಸರ್ ಸೈಕ್ಲಿಂಗ್ ಹಾಸ್ಟೆಲ್ ಸೆಲೆಕ್ಷನ್ನಿಗೆ ಕಳಸ್ರಿ ಅಂತಾರ. ಅವರಪ್ಪ ಬ್ಯಾಡ ಅಂತಾರ, ನನಗೂ ಅಂಜಿಕಿ, ಒಬ್ಬಾಕಿ ಹೆಂಗ ಇರ್ತಾಳಂತ. - ಒಬ್ಬ ತಾಯಿ

ಉತ್ತರ: ನಿಮ್ಮ ಅಂಜಿಕೆ ಸರಿಯಾದದ್ದೇ ಅಮ್ಮ, ಆದ್ರೆ ಒಬ್ಬಾಕಿ ಅನ್ನೋದು ಮಾತ್ರ ಸರಿಯಲ್ಲ. ಇಡೀ ರಾಜ್ಯದಲ್ಲಿ ಸೈಕ್ಲಿಂಗ್ ಅಂದ್ರೆ ವಿಜಯಪುರ, ಬಾಗಲಕೋಟೆ ಕಡೆಯ ಹೆಸರು ಮೊದಲು ಬರೋದು, ಅಲ್ಲಿ ಮಕ್ಕಳು ಉಳ್ಕೊಂಡು ಓದ್ತಾ ಸೈಕ್ಲಿಂಗ್ ಕಲಿಯೋ ಹಾಸ್ಟೆಲಿಂದ ನ್ಯಾಷನಲ್ ಮೆಡಲ್ ತಂದ ಹುಡುಗೀರು ಎಷ್ಟೋ ಜನ, ಹೆಚ್ಚಿನೋರು ರೈತರ ಮನೆಯೋರೇ. ಬೆಂಗಳೂರು ಮೈಸೂರಲ್ಲಿ ಲಕ್ಷ ರೂಪಾಯಿ ಸೈಕಲ್ ಇಟ್ಕೊಂಡಿರೋ ನಮಗೆ ಸಿಗದ ಒಂದು ವಿಷಯ ನಿಮ್ಮ ಮಗಳಿಗೆ ಸಿಗುತ್ತೆ, ಅವಳ ವಯಸ್ಸಿನ, ಅವಳ ಭಾಷೆಯ ಹುಡುಗೀರು ದಿನಾ ಬೆಳಿಗ್ಗೆ ಪಕ್ಕದಲ್ಲಿ ತುಳೀತಿರ್ತಾರೆ.

ಕಳಿಸೋ ಮುಂಚೆ ನೀವೂ ಅವರಪ್ಪನೂ ಹೋಗಿ ಒಂದು ದಿನ ಅಲ್ಲೇ ಇದ್ದು ಬನ್ನಿ. ಹುಡುಗೀರ ಕಡೆ ಹೆಂಗಸು ವಾರ್ಡನ್ ಇದಾರಾ, ರಾತ್ರಿ ಯಾರಿರ್ತಾರೆ, ಬೆಳಿಗ್ಗೆ ರೋಡ್ ಪ್ರಾಕ್ಟೀಸಿಗೆ ಹಿಂದೆ ಗಾಡಿ ಬರುತ್ತಾ, ಸ್ಕೂಲು ಎಷ್ಟು ಗಂಟೆ ನಡೆಯುತ್ತೆ, ಮುಟ್ಟಿನ ದಿನ ಪ್ರಾಕ್ಟೀಸ್ ತಪ್ಪಿದ್ರೆ ಏನಂತಾರೆ, ಎಲ್ಲ ಕೇಳಿ. ಅಲ್ಲಿರೋ ಹುಡುಗೀರ ಹತ್ರ, ದೊಡ್ಡವರು ಯಾರೂ ಇಲ್ಲದಾಗ, ನಿಮ್ಮ ಭಾಷೇಲೇ ಮಾತಾಡಿ ಬನ್ನಿ, ಮುಖ್ಯವಾದ್ದು ಅಲ್ಲೇ ಗೊತ್ತಾಗುತ್ತೆ. ಮತ್ತೆ ಮಗಳಿಗೆ ಒಂದು ಮಾತು ಹೇಳಿಕೊಟ್ಟು ಕಳಿಸಿ. 2022ರಲ್ಲಿ ಭಾರತ ತಂಡ ಸ್ಲೊವೇನಿಯಾದಲ್ಲಿ ಇದ್ದಾಗ ಒಬ್ಬ ಹುಡುಗಿ ಕೋಚ್ ಮೇಲೆ ದೂರು ಕೊಟ್ಲು, ಅವಳನ್ನ ಸುರಕ್ಷಿತವಾಗಿ ಊರಿಗೆ ಕರೆಸ್ಕೊಂಡ್ರು, ಕೋಚ್ ಕೆಲಸ ಹೋಯ್ತು, ಹೊರಗೆ ಹೋಗೋ ತಂಡದಲ್ಲಿ ಹೆಣ್ಮಕ್ಕಳಿದ್ರೆ ಮಹಿಳಾ ಕೋಚ್ ಇರಲೇಬೇಕು ಅಂತ ಕ್ರೀಡಾ ಪ್ರಾಧಿಕಾರ ನಿಯಮ ಮಾಡ್ತು. ಆ ಹುಡುಗಿ ಬಾಯಿ ಬಿಟ್ಟಿದ್ದಕ್ಕೆ ನಿಮ್ಮ ಮಗಳಿಗೆ ಈಗ ಆ ನಿಯಮ ಇದೆ. ಏನೇ ಆದ್ರೂ ಮೊದಲು ಅವ್ವನಿಗೆ ಹೇಳ್ಬೇಕು, ಅವ್ವ ಬೈಯ್ಯಲ್ಲ, ಅಪ್ಪ ವಾಪಸ್ ಕರ್ಕೊಂಡು ಹೋಗಿ ಸೈಕಲ್ ಬಿಡಿಸಲ್ಲ, ಇದನ್ನ ಅವರಪ್ಪನ ಬಾಯಿಂದಾನೇ ಹೇಳಿಸಿ. ಹುಡುಗೀರು ಮುಚ್ಚಿಡೋದು ಹೆಚ್ಚಾಗಿ ಆಟ ಬಿಡಿಸ್ತಾರೆ ಅನ್ನೋ ಭಯಕ್ಕೇ.

ಪ್ರಶ್ನೆ: ಅಕ್ಕಾರ, ನನಗ 52 ವರ್ಷ, ಧಾರವಾಡದಾಕಿ. ಸಣ್ಣಾಕಿ ಇದ್ದಾಗ ಅಣ್ಣಗ ಸೈಕಲ್ ಕೊಡಿಸಿದ್ರು, ನನಗ ಹೆಣ್ಣ ಹುಡುಗಿಗೆ ಯಾಕ ಅಂದ್ರು, ಅಲ್ಲಿಗೆ ಮುಗೀತು. ಈಗ ಮಕ್ಕಳಿಬ್ರೂ ನೌಕರಿ ಅಂತ ಊರು ಬಿಟ್ಟಾರ, ಮಗನ ಸೈಕಲ್ ಮನ್ಯಾಗ ಸುಮ್ನ ನಿಂತದ. ದಿನಾ ಒರಸ್ತೀನ್ರಿ ಅದನ್ನ. ಈ ವಯಸ್ಸಿನ್ಯಾಗ ಕಲಿಯಾಕ ಆಗ್ತದೇನ್ರಿ? ಮಂದಿ ನಗ್ತಾರಲ್ಲ? - ಒಬ್ಬ ಗೃಹಿಣಿ, ಧಾರವಾಡ

ಉತ್ತರ: ಆಗುತ್ತೆ. ದಿನಾ ಒರಸ್ತೀನಿ ಅಂದ ಸಾಲು ಓದಿ ನಾನು ಸ್ವಲ್ಪ ಹೊತ್ತು ಪತ್ರ ಕೆಳಗಿಟ್ಟೆ.

ತಮಿಳುನಾಡಿನ ಪುದುಕೋಟೈ ಜಿಲ್ಲೇಲಿ ತೊಂಬತ್ತರ ದಶಕದ ಶುರುವಿನಲ್ಲಿ ಸಾಕ್ಷರತಾ ಆಂದೋಲನ ನಡೀತು, ಅಲ್ಲಿ ಜಿಲ್ಲಾಧಿಕಾರಿಯಾಗಿದ್ದ ಶೀಲಾ ರಾಣಿ ಚುಂಕತ್ ಅಕ್ಷರದ ಜೊತೆ ಸೈಕಲ್ಲೂ ಕಲಿಸೋಣ ಅಂದ್ರು. ಕಲ್ಲು ಕ್ವಾರಿಯಲ್ಲಿ ಕೆಲಸ ಮಾಡೋರು, ಕೂಲಿಯವರು, ಅಂಗನವಾಡಿ ಕಾರ್ಯಕರ್ತೆಯರು, ಸಾವಿರ ಸಾವಿರ ಹೆಂಗಸರು ಕಲಿತ್ರು, ಕಲಿತೋರೇ ಮುಂದಿನವರಿಗೆ ಕಲಿಸಿದ್ರು. ಲೇಡೀಸ್ ಸೈಕಲ್ ಸಾಕಾಗದೆ ಗಂಡಸರ ಸೈಕಲ್ಲೇ ಹತ್ತಿದ್ರು, ಆಮೇಲೆ ಕೆಲವರಿಗೆ ಅದೇ ಇಷ್ಟ ಆಯ್ತಂತೆ, ಮುಂದಿನ ಬಾರ್ ಮೇಲೆ ಮಗು ಕೂರಿಸ್ಕೋಬಹುದು ಅಂತ. ಅವರನ್ನ ನೋಡಿ ಮೊದಲು ನಕ್ಕೋರು, ಆಡ್ಕೊಂಡೋರು ಇದ್ರು, ಆದ್ರೆ ಒಂದು ಮೈದಾನದಲ್ಲಿ ನಲವತ್ತು ಹೆಂಗಸರು ಬೀಳ್ತಾ ಏಳ್ತಾ ಇದ್ರೆ ಯಾರನ್ನ ನೋಡಿ ಅಂತ ನಗ್ತಾರೆ? ಅದಕ್ಕೆ ನಿಮಗೂ ಒಬ್ರನ್ನ ಜೊತೆ ಮಾಡ್ಕೊಳ್ಳಿ, ನಿಮ್ಮ ಓಣೀಲಿ ಸೈಕಲ್ ಬಾರದೋರು ನೀವೊಬ್ರೇ ಅಂತ ನಾನಂತೂ ನಂಬಲ್ಲ, ಕೇಳಿ ನೋಡಿ, ಎರಡನೇ ಮನೇಲೇ ಸಿಗ್ತಾರೆ.

ದೊಡ್ಡೋರು ಕಲಿಯೋಕೆ ಹಿಂದೆ ಯಾರೋ ಸೀಟ್ ಹಿಡ್ಕೊಂಡು ಓಡೋದು ಬೇಡ, ಬೀಳೋ ಭಯ ಅದರಿಂದಾನೇ ಜಾಸ್ತಿ. ಮಗನ ಸೈಕಲ್ ಸೀಟನ್ನ ಎರಡೂ ಪಾದ ಪೂರ್ತಿ ನೆಲಕ್ಕೆ ತಾಗೋ ಅಷ್ಟು ಕೆಳಗಿಳಿಸಿ, ಇಳಿಯದಿದ್ರೆ ಸಣ್ಣ ಸೈಕಲ್ ಯಾರದಾದ್ರೂ ಕೇಳಿ ತನ್ನಿ, ನಡುವೆ ಅಡ್ಡ ಬಾರ್ ಇಲ್ಲದ್ದಾದ್ರೆ ಇನ್ನೂ ಒಳ್ಳೇದು. ಪೆಡಲ್ ಎರಡೂ ಬಿಚ್ಚಿಸಿ, ಅಂಗಡಿಯವನಿಗೆ ಹೇಳಿದ್ರೆ ಐದು ನಿಮಿಷದ ಕೆಲಸ, ಮನೇಲೇ ಬಿಚ್ಚೋದಾದ್ರೆ ಎಡಗಡೆ ಪೆಡಲ್ ಉಲ್ಟಾ ತಿರುಗಿಸ್ಬೇಕು ಅನ್ನೋದು ನೆನಪಿರ್ಲಿ. ಆಮೇಲೆ ಒಂದು ಖಾಲಿ ಮೈದಾನದಲ್ಲಿ ಕೂತ್ಕೊಂಡೇ ಕಾಲಲ್ಲಿ ನೆಲ ತಳ್ತಾ ನಡೀರಿ, ಬ್ರೇಕ್ ಹಿಡಿದು ನಿಲ್ಲೋದನ್ನ ಮೊದಲು ಅಭ್ಯಾಸ ಮಾಡಿ. ಮೂರ್ನಾಲ್ಕು ದಿನಕ್ಕೆ ಹೆಜ್ಜೆ ದೊಡ್ಡದಾಗುತ್ತೆ, ಆಮೇಲೆ ಒಂದೊಂದು ಕ್ಷಣ ಎರಡೂ ಕಾಲು ಗಾಳಿಯಲ್ಲಿ ಇರುತ್ತೆ. ಅಲ್ಲಿಗೆ ಬ್ಯಾಲೆನ್ಸ್ ಬಂತು, ಪೆಡಲ್ ವಾಪಸ್ ಹಾಕಿಸಿ. ಕೆಳಗೆ ನೋಡಬೇಡಿ, ಹತ್ತು ಮಾರು ಮುಂದೆ ನೋಡಿ. ಹೆಲ್ಮೆಟ್ ಹಾಕ್ಕೊಳ್ಳಿ, ಚೂಡಿದಾರ ಹಾಕ್ಕೊಂಡ್ರೆ ಬಲಗಾಲಿನ ಪ್ಯಾಂಟಿಗೆ ಒಂದು ರಬ್ಬರ್ ಬ್ಯಾಂಡ್ ಸುತ್ತಿ, ಚೈನ್ ಇರೋದು ಆ ಕಡೆ, ವೇಲ್ ಮನೇಲೇ ಬಿಡಿ. ಎಲುಬಿನ ತೊಂದರೆ, ಮಂಡಿ ನೋವು ಮೊದಲಿಂದ ಇದ್ರೆ ಡಾಕ್ಟರಿಗೆ ಒಂದು ಮಾತು ಕೇಳಿ ಶುರು ಮಾಡಿ.

ಮಗನಿಗೆ ಈಗ್ಲೇ ಹೇಳ್ಬೇಡಿ, ಸೈಕಲ್ ಕೊಡು ಅಂತ ದೀಪಾವಳಿಗೆ ಬಂದಾಗ ಅವನೇ ಕೇಳ್ಲಿ. ಎರಡೂ ಕಾಲು ಎತ್ತಿದ ದಿನ ಮಾತ್ರ ನನಗೆ ಬರೀರಿ, ತಾರೀಖು ಹಾಕಿ ಬರೀರಿ, ಜೊತೆಗೆ ಕಲಿತೋರು ಎಷ್ಟು ಜನ ಅಂತಾನೂ.